ಮೂರು ಪ್ರಶ್ನೆ, ಒಂದು ವಾರ: ಜಪಾನಿನ ನಾಯ್ಕಾನ್ ಶಿಬಿರ ಹೇಗಿದೆ?

ನಾಯ್ಕಾನ್ ಶಿಬಿರಕ್ಕೆ ಒಂದು ವಾರ ರಜೆ ಹಾಕಿ, ದುಡ್ಡು ಕೊಟ್ಟು ಹೋಗಬೇಕಾ ಎಂದು ಇಲ್ಲಿ ಒಸಾಕಾದಲ್ಲಿರುವ ನಮ್ಮವರು ಆಗಾಗ ಕೇಳುತ್ತಾರೆ. ಜಪಾನಿ ಭಾಷೆಯಲ್ಲಿ ಮನೆಯ ವಿಷಯ ಮಾತಾಡುವಷ್ಟು ಬರುತ್ತಿದ್ದರೆ ಖಂಡಿತ ಹೋಗಿ ಎನ್ನುತ್ತೇನೆ. ಆದರೆ ಎಲ್ಲರೂ ಹೋಗುವಂಥದ್ದಲ್ಲ. ಯಾರಿಗೆ ಬೇಡ ಅನ್ನುವುದನ್ನೂ ಕೆಳಗೆ ಬರೆದಿದ್ದೇನೆ.

ಮೊದಲು ಇದು ಏನು ಅಂತ. ನಮ್ಮ ಬದುಕನ್ನು ಒಬ್ಬೊಬ್ಬರೇ ವ್ಯಕ್ತಿಯನ್ನು ಮುಂದಿಟ್ಟುಕೊಂಡು, ಎರಡು ಮೂರು ವರ್ಷಗಳ ತುಂಡು ತುಂಡಾಗಿ ತಿರುಗಿ ನೋಡುವ ಪದ್ಧತಿ. ಇದನ್ನು ರೂಪಿಸಿದವರು ಯೊಶಿಮೊತೊ ಇಶಿನ್, 1916ರಲ್ಲಿ ನಾರಾ ಪ್ರಾಂತ್ಯದ ಯಮಾತೊಕೊರಿಯಾಮದಲ್ಲಿ ಹುಟ್ಟಿದ ವ್ಯಾಪಾರಿ. ಜಪಾನಿನ ಶಿನ್ ಪಂಥದ ಬೌದ್ಧರ ಒಂದು ಗುಂಪಿನಲ್ಲಿ ಮಿಶಿರಾಬೆ ಎಂಬ ಕಠಿಣ ವ್ರತವಿತ್ತು. ಅನ್ನ, ನೀರು, ನಿದ್ದೆ ಮೂರನ್ನೂ ಬಿಟ್ಟು ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕು. ಯೊಶಿಮೊತೊ ಆ ಉಪವಾಸ ಜಾಗರಣೆಗಳನ್ನು ಬಿಡಿಸಿ, ಧರ್ಮದ ಚೌಕಟ್ಟನ್ನೂ ತೆಗೆದು, ಯಾರು ಬೇಕಾದರೂ ಕೂರುವ ಹಾಗೆ ಮಾಡಿದರು. 1950ರ ದಶಕದಿಂದ ಜಪಾನಿನ ಜೈಲುಗಳಲ್ಲೂ ಇದನ್ನು ಬಳಸಿದ್ದಾರೆ, ಮುಂದೆ ಕುಡಿತ ಬಿಡಿಸುವ ಚಿಕಿತ್ಸೆಗೂ ಬಂತು. ಅವರು 1988ರಲ್ಲಿ ತೀರಿಕೊಂಡರು.

ಪ್ರಶ್ನೆಗಳು ಮೂರೇ. ಈ ವ್ಯಕ್ತಿಯಿಂದ ನನಗೆ ಏನು ಸಿಕ್ಕಿತು? ನಾನು ಅವರಿಗೆ ಏನು ಕೊಟ್ಟೆ? ನನ್ನಿಂದ ಅವರಿಗೆ ಏನು ತೊಂದರೆಯಾಯಿತು? ಮೊದಲೆರಡಕ್ಕೆ ನೂರರಲ್ಲಿ ಇಪ್ಪತ್ತಿಪ್ಪತ್ತು ಪಾಲು ಸಮಯ, ಮೂರನೆಯದಕ್ಕೆ ಉಳಿದ ಅರವತ್ತು. ಅವರಿಂದ ನನಗೇನು ತೊಂದರೆಯಾಯಿತು ಎಂಬ ಪ್ರಶ್ನೆ ಬೇಕೆಂದೇ ಇಟ್ಟಿಲ್ಲ. ಅದನ್ನು ಯಾರೂ ಹೇಳಿಕೊಡದಿದ್ದರೂ ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ರಾತ್ರಿ ನಿದ್ದೆ ಬಾರದಾಗ ನಾವೇ ಕೇಳಿಕೊಳ್ಳುತ್ತಿರುತ್ತೇವಲ್ಲ.

ನಾನು ಹೋಗಿದ್ದು ನಾರಾ ಕಡೆಯ ಒಂದು ಸಣ್ಣ ಕೇಂದ್ರಕ್ಕೆ. ಚಾಪೆ ಹಾಸಿದ ಕೋಣೆ, ಮೂಲೆಯಲ್ಲಿ ಮಡಚುವ ಕಾಗದದ ತಡಿಕೆ, ಅದರ ಹಿಂದೆ ಒಬ್ಬರು ಕೂರುವಷ್ಟು ಜಾಗ. ಫೋನು ಮೊದಲ ದಿನವೇ ಅವರ ಕೈಗೆ. ಪುಸ್ತಕ ಇಲ್ಲ, ಪಕ್ಕದವರ ಜೊತೆ ಮಾತಿಲ್ಲ. ಬೆಳಿಗ್ಗೆ ಎದ್ದು ಕಸ ಗುಡಿಸಿದ ಮೇಲೆ ರಾತ್ರಿ ಒಂಬತ್ತರವರೆಗೂ ತಡಿಕೆಯ ಹಿಂದೆಯೇ. ಊಟವೂ ಅಲ್ಲಿಗೇ ಬರುತ್ತದೆ. ಬೆನ್ನು ನೆಟ್ಟಗಿರಬೇಕು, ಪದ್ಮಾಸನ ಹಾಕಬೇಕು ಅಂತೇನಿಲ್ಲ. ಕಾಲು ಚಾಚಿ, ಗೋಡೆಗೆ ಒರಗಿ ಕೂರಬಹುದು, ಮಂಡಿನೋವಿದ್ದರೆ ಕುರ್ಚಿ ಕೊಡುತ್ತಾರೆ. ವಿಪಶ್ಯನ ಶಿಬಿರಕ್ಕೆ ಹೋಗಿ ಬಂದವರಿಗೆ ವೇಳಾಪಟ್ಟಿ ನೋಡಿ ಎರಡೂ ಒಂದೇ ಅನ್ನಿಸಬಹುದು, ಆದರೆ ಕೆಲಸ ಪೂರಾ ಉಲ್ಟಾ. ಅಲ್ಲಿ ನೆನಪು ಬಂದರೆ ಬಿಟ್ಟು ಉಸಿರಿಗೋ ಮೈಯ ಸಂವೇದನೆಗೋ ಮರಳಬೇಕು, ಇಲ್ಲಿ ನೆನಪನ್ನು ಬೆನ್ನಟ್ಟಿ ಹಿಡಿಯಬೇಕು.

ಒಂದೂವರೆ ಎರಡು ಗಂಟೆಗೊಮ್ಮೆ ಸಂದರ್ಶಕರು ಬರುತ್ತಾರೆ. ತಡಿಕೆಯ ಮುಂದೆ ಮಂಡಿಯೂರಿ, ಹಣೆ ಚಾಪೆಗೆ ತಾಗುವಷ್ಟು ಬಾಗಿ ನಮಸ್ಕರಿಸಿ, ತಡಿಕೆ ಸರಿಸಿ, ಈ ಹೊತ್ತಿನಲ್ಲಿ ಯಾರ ಬಗ್ಗೆ, ಯಾವ ವಯಸ್ಸಿನದು ನೋಡಿದಿರಿ ಎಂದು ಕೇಳುತ್ತಾರೆ. ನಾವು ಮೂರಕ್ಕೂ ಉತ್ತರ ಹೇಳಬೇಕು. ಐದು ನಿಮಿಷವೂ ಹಿಡಿಯುವುದಿಲ್ಲ. ಅವರು ಬುದ್ಧಿ ಹೇಳುವುದಿಲ್ಲ, ವಿಶ್ಲೇಷಣೆ ಮಾಡುವುದಿಲ್ಲ, ಅಯ್ಯೋ ಪಾಪ ಅನ್ನುವುದಿಲ್ಲ. ಕೇಳಿಸಿಕೊಂಡು, ಮತ್ತೆ ಬಾಗಿ, ಮುಂದಿನ ತುಂಡು ಯಾವುದೆಂದು ಕೇಳಿ ಹೊರಡುತ್ತಾರೆ.

ಶುರು ಅಮ್ಮನಿಂದ. ಅಮ್ಮ ನನ್ನನ್ನು ತುಂಬಾ ಪ್ರೀತಿಯಿಂದ ಸಾಕಿದಳು ಎಂದು ನಾನು ಹೇಳಿದೆ. ಸಂದರ್ಶನಕ್ಕೆ ಬಂದಿದ್ದ ಹೆಂಗಸು ಮೆತ್ತಗೆ, "ಏನು ಮಾಡಿದರು?" ಎಂದರು. ಅಷ್ಟೇ. ಈ ಶಿಬಿರದ ಬೆಲೆಯೆಲ್ಲ ಇರುವುದು ಆ ಎರಡು ಪದದಲ್ಲಿ ಎಂದು ನನ್ನ ಲೆಕ್ಕ. ಪ್ರೀತಿ, ತ್ಯಾಗ, ಕಷ್ಟ ಯಾವುದೂ ಉತ್ತರವಲ್ಲ, ನಡೆದದ್ದನ್ನು ಹೇಳಬೇಕು. ಮುಂದಿನ ಸುತ್ತಿಗೆ ನನಗೆ ನೆನಪಾದದ್ದು, ಮೂರನೇ ಕ್ಲಾಸಿನಲ್ಲಿ ನನಗೆ ಮೈಮೇಲೆ ಅಮ್ಮ, ಅಂದರೆ ಸೀತಾಳೆ ಸಿಡುಬು, ಎದ್ದದ್ದು. ಮನೆಯಲ್ಲಿ ಒಗ್ಗರಣೆ ನಿಲ್ಲಿಸಿದ್ದರು. ಹಾಸಿಗೆ ಮೇಲೆ ಬೇವಿನ ಸೊಪ್ಪು ಹರಡಿದ್ದರು. ಕೆರೆದುಕೊಂಡರೆ ಕಲೆಯಾಗುತ್ತದೆಂದು ಅವಳು ರಾತ್ರಿ ಪಕ್ಕದಲ್ಲಿ ಕೂತು ಬೇವಿನ ಕಡ್ಡಿಯಿಂದ ಬೆನ್ನು ಸವರುತ್ತಿದ್ದಳು, ತೂಕಡಿಸಿದಾಗ ಕೈ ನಿಂತರೆ ನಾನು ಅಳುತ್ತಿದ್ದೆ, ಮತ್ತೆ ಸವರುತ್ತಿದ್ದಳು. ಆಮೇಲೆ ಪೊರಕೆ ನೆನಪಾಯಿತು. ನಮ್ಮದು ತಿಪಟೂರು ಕಡೆ, ತೆಂಗಿನ ಸೀಮೆ. ತೋಟದಲ್ಲಿ ಬಿದ್ದ ಗರಿ ಸೀಳಿ, ಕಡ್ಡಿ ಹೆರೆದು, ಪೊರಕೆ ಕಟ್ಟಿ ಮಾರಿದ ದುಡ್ಡಲ್ಲಿ ನನ್ನ ಜಾಮಿಟ್ರಿ ಬಾಕ್ಸು ಬಂದಿತ್ತು. ಅವಳ ಬೆರಳ ತುದಿಯಲ್ಲಿ ಸಿಬಿರು ಸಿಕ್ಕಿಕೊಂಡರೆ ಪಿನ್ನಿನಿಂದ ತೆಗೆಯುತ್ತಿದ್ದವನು ನನ್ನ ಅಣ್ಣ. ಎರಡನೇ ಪ್ರಶ್ನೆಗೆ ಆ ವರ್ಷಗಳಿಂದ ನನ್ನ ಬಳಿ ಹೇಳಲು ಏನೂ ಇರಲಿಲ್ಲ. ಹಾಗೆಂದೇ ಹೇಳಿದೆ. ಅವರು ತಲೆಬಾಗಿ ಎದ್ದರು.

ಅಮ್ಮ, ಅಪ್ಪ, ಗಂಡ, ಒಡಹುಟ್ಟಿದವರು, ಹೀಗೆ ಸಾಗುತ್ತದೆ. ನಡುವೆ ಒಂದು ವಿಶೇಷ ಅಭ್ಯಾಸ, ಸಾಕಿದ ಖರ್ಚಿನ ಲೆಕ್ಕ. ಹುಟ್ಟಿದಾಗಿನಿಂದ ನಮ್ಮ ಮೇಲೆ ಮನೆಯವರು ಹಾಕಿದ ದುಡ್ಡನ್ನು ಬಾಬ್ತು ಬಾಬ್ತಾಗಿ ಕೂಡಬೇಕು. ಫೀಸು, ಯೂನಿಫಾರ್ಮು, ಬಸ್ ಪಾಸು, ಹಾಸ್ಟೆಲ್ಲು, ದವಾಖಾನೆ. ಮೊದಲು ಇದು ವ್ಯಾಪಾರಿ ಬುದ್ಧಿ ಅನ್ನಿಸಿತು. ಕೂಡುತ್ತಾ ಹೋದಂತೆ, ಆ ವರ್ಷ ಕೊಬ್ಬರಿ ರೇಟು ಬಿದ್ದಿತ್ತಲ್ಲ, ಹಾಸ್ಟೆಲ್ ಡೆಪಾಸಿಟ್ಟು ಎಲ್ಲಿಂದ ಬಂತು ಎಂಬ ಪ್ರಶ್ನೆಗಳು ತಾವಾಗಿ ಎದ್ದವು. ಊರಿಗೆ ಹೋದಾಗ ಅಪ್ಪನನ್ನು ಕೂರಿಸಿಕೊಂಡು ಕೇಳಿ ತಿಳಿದುಕೊಂಡೆ.

ಇನ್ನು ನನಗೆ ಒಪ್ಪಿಗೆಯಾಗದ್ದು. ಮೂರನೇ ಪ್ರಶ್ನೆಗೆ ಅಷ್ಟು ಹೊತ್ತು ಕೊಡುವುದು ಎಲ್ಲರಿಗೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ನಮ್ಮ ಎಷ್ಟೋ ಹೆಣ್ಣುಮಕ್ಕಳು ನನ್ನಿಂದಲೇ ತೊಂದರೆಯಾಯಿತು ಎಂದುಕೊಂಡೇ ಬೆಳೆದವರು. ಹೊಡೆತ ತಿಂದ ಮನೆಯಿಂದ ಬಂದವರು, ದೌರ್ಜನ್ಯ ಅನುಭವಿಸಿದವರು ಅದೇ ವ್ಯಕ್ತಿಯನ್ನು ಮುಂದಿಟ್ಟುಕೊಂಡು ಈ ಮೂರು ಪ್ರಶ್ನೆ ಕೇಳಿಕೊಳ್ಳುವುದು ಸರಿಯಲ್ಲ ಎಂದು ನನ್ನ ಗಟ್ಟಿ ಅಭಿಪ್ರಾಯ. ಖಿನ್ನತೆ ಹೆಚ್ಚಿರುವವರು ಡಾಕ್ಟರನ್ನು ಕೇಳದೆ ಹೋಗಬಾರದು. ನಾನು ಹೋದ ಕಡೆ ಅರ್ಜಿಯಲ್ಲೇ ಆರೋಗ್ಯದ ಬಗ್ಗೆ ಕೇಳಿದ್ದರು, ಅದು ಒಳ್ಳೆಯದು. ಆದರೆ ವಾರ ಮುಗಿದು ಮನೆಗೆ ಬಂದ ಮೇಲೆ ಹೇಗಿದ್ದೀರಿ ಎಂದು ವಿಚಾರಿಸುವ ವ್ಯವಸ್ಥೆ ಇರಲಿಲ್ಲ. ಇಷ್ಟೆಲ್ಲ ಕೆದಕಿಸಿದ ಮೇಲೆ ಒಂದು ಫೋನಾದರೂ ಮಾಡಬೇಕಿತ್ತು.

ಸಸ್ಯಾಹಾರಿಗಳಿಗೆ ಒಂದು ಮಾತು: ಮಿಸೊ ಸಾರಿಗೂ, ಬೇಯಿಸಿದ ತರಕಾರಿಗೂ ಸಾಮಾನ್ಯವಾಗಿ ಒಣಮೀನಿನ ಕಟ್ಟು ಹಾಕುತ್ತಾರೆ. ಬುಕ್ ಮಾಡುವಾಗಲೇ ಹೇಳಿ. ನನಗೆ ಕೊಂಬು ಎಂಬ ಕಡಲ ಪಾಚಿ, ಅಣಬೆಯ ಕಟ್ಟಿನಲ್ಲಿ ಮಾಡಿಕೊಟ್ಟರು, ಚೆನ್ನಾಗಿತ್ತು.

ಜಪಾನಿಗೆ ಬರಲಾಗದವರು ಮನೆಯಲ್ಲೇ ಮಾಡಬಹುದು, ದಿನನಿತ್ಯದ ನಾಯ್ಕಾನ್ ಎಂದು ಅದಕ್ಕೂ ಕ್ರಮವಿದೆ. ರಾತ್ರಿ ಅರ್ಧ ಗಂಟೆ, ಇವತ್ತಿನ ದಿನವನ್ನೋ ಒಬ್ಬ ವ್ಯಕ್ತಿಯ ಜೊತೆಗಿನ ಎರಡು ಮೂರು ವರ್ಷವನ್ನೋ ಇಟ್ಟುಕೊಂಡು ಮೂರು ಪ್ರಶ್ನೆಗೆ ನೋಟ್‌ಬುಕ್ಕಿನಲ್ಲಿ ಉತ್ತರ ಬರೆಯಿರಿ. ನಾನೂ ಈಗ ಹಾಗೇ ಮಾಡುತ್ತಿದ್ದೇನೆ. ಬರೆದದ್ದರಲ್ಲಿ "ಏನು ಮಾಡಿದರು" ಎಂಬುದಕ್ಕೆ ಉತ್ತರ ಕಾಣದ ಸಾಲುಗಳನ್ನು ಹೊಡೆದು ಹಾಕಿ ಮತ್ತೆ ಬರೆಯಿರಿ. ವಾರಕ್ಕೊಮ್ಮೆ ಓದಿ ಹೇಳಲು ಒಬ್ಬರು ಸಿಕ್ಕರೆ ಇನ್ನೂ ವಾಸಿ. ನನಗೆ ನನ್ನ ಅತ್ತಿಗೆ ಫೋನಿನಲ್ಲಿ ಕೇಳಿಸಿಕೊಳ್ಳುತ್ತಾರೆ. ಕೇಳುವವರು ತಿದ್ದಬಾರದು, ಸಮಾಧಾನ ಹೇಳಬಾರದು, ಕೇಳಿದ್ದನ್ನು ಮನೆಯಲ್ಲಿ ಇನ್ನೊಬ್ಬರ ಮುಂದೆ ಎತ್ತಬಾರದು. ಇದನ್ನು ಮೊದಲೇ ಮಾತಾಡಿಕೊಳ್ಳಿ.