ಜೆಲ್ಡಾದ ಟೈಮ್ ಟ್ರಾವೆಲ್: ಸುತ್ತು, ತಿದ್ದುಪಡಿ, ಕವಲು, ಮೂರನ್ನೂ ಆಡಿ ನೋಡಿದರೆ

ಲೆಜೆಂಡ್ ಆಫ್ ಜೆಲ್ಡಾ ಎಂಬ ವಿಡಿಯೋ ಗೇಮ್ ಸರಣಿಯಲ್ಲಿ ಕಾಲದ ಮಾತು ಬಂದರೆ ಅಭಿಮಾನಿಗಳು ಮೂರು ಪಕ್ಷವಾಗುತ್ತಾರೆ. ಸುತ್ತಿನ ಪಕ್ಷಕ್ಕೆ, ನಾವು ಆಡಿಸುವ ವೀರ ಲಿಂಕ್ ಹಿಂದಕ್ಕೆ ಹೋಗಿ ಮಾಡುವುದೆಲ್ಲ ಮೊದಲೇ ಆಗಿಹೋಗಿರುವಂಥದ್ದು, ಏನೂ ಬದಲಾಗುವುದಿಲ್ಲ. ತಿದ್ದುಪಡಿಯವರಿಗೆ ಕಾಲವೆಂದರೆ ಒಂದೇ ಸ್ಲೇಟು, ಅಳಿಸಿ ಬರೆಯಬಹುದು. ಕವಲಿನವರ ಪ್ರಕಾರ ಅಳಿಸಿದ್ದು ಅಳಿಯುವುದಿಲ್ಲ, ಪಕ್ಕದಲ್ಲಿ ಬೇರೆ ದಾರಿಯಾಗಿ ಸಾಗುತ್ತಿರುತ್ತದೆ.

ಮೂವರೂ ಸಾಕ್ಷಿಗೆ ಕರೆಯುವುದು ಕಟ್‌ಸೀನ್‌ಗಳನ್ನು, ಅಂದರೆ ಆಟದ ನಡುವೆ ಸಿನಿಮಾದಂತೆ ಬರುವ ದೃಶ್ಯಗಳನ್ನು. ಅವು ಎಷ್ಟು ಸಲ ನೋಡಿದರೂ ಒಂದೇ ಕ್ರಮದಲ್ಲಿ ಓಡುವುದರಿಂದ ಜಗಳ ಮುಗಿಯುವುದಿಲ್ಲ. ಮೊದಲು ಭವಿಷ್ಯ ನೋಡಿಕೊಂಡು, ಆಮೇಲೆ ಹಿಂದಕ್ಕೆ ಹೋಗಿ ಕೈ ಹಾಕಿ, ಮತ್ತೆ ಬಂದು ನೋಡಬಹುದಾದ ಜಾಗ ಸಿಕ್ಕರೆ ಅದು ಗಟ್ಟಿ ಸಾಕ್ಷಿ. ಅಂಥ ಜಾಗಗಳು ಕಡಿಮೆ. ಎಲ್ಲಕ್ಕಿಂತ ಒಳ್ಳೆಯದು ಒಕರಿನಾ ಆಫ್ ಟೈಮ್‌ನ (1998) ಹುರುಳಿಬೀಜ, ಅಂದರೆ ಮ್ಯಾಜಿಕ್ ಬೀನ್.

ಪರೀಕ್ಷೆ ಹೀಗೆ. ಈ ಗೇಮ್‌ನಲ್ಲಿ ಟೆಂಪಲ್ ಆಫ್ ಟೈಮ್ ಎಂಬ ಗುಡಿಯ ಪೀಠದಿಂದ ಕತ್ತಿ ಎಳೆದರೆ ಲಿಂಕ್ ಏಳು ವರ್ಷ ಮುಂದೆ ಹೋಗಿ ದೊಡ್ಡವನಾಗುತ್ತಾನೆ, ಮತ್ತೆ ಸಿಕ್ಕಿಸಿದರೆ ಹುಡುಗನಾಗಿ ಹಿಂದಕ್ಕೆ. ಮೊದಲು ಫಾರೆಸ್ಟ್ ಟೆಂಪಲ್ ಎಂಬ ಹಂತ ಮುಗಿಸಿ. ಅದಕ್ಕೆ ಮೊದಲು ಕತ್ತಿಯನ್ನು ಪೀಠಕ್ಕೆ ಸಿಕ್ಕಿಸಿ ಹುಡುಗನಾಗಿ ಮರಳಲು ಆಗುವುದಿಲ್ಲ. ದೊಡ್ಡ ಲಿಂಕ್ ಆಗಿಯೇ ಕೊಕಿರಿ ಫಾರೆಸ್ಟ್‌ಗೆ ಹೋಗಿ ಅಂಗಡಿ ಪಕ್ಕದ ಮೆತ್ತನೆ ಮಣ್ಣು ನೋಡಿ: ಬರಿ ನೆಲ. ಅಲ್ಲಿಂದ ಟೆಂಪಲ್ ಆಫ್ ಟೈಮ್‌ಗೆ ಬಂದು ಕತ್ತಿ ಸಿಕ್ಕಿಸಿ, ಝೋರಾಸ್ ರಿವರ್ ಬಳಿ ಕೂತಿರುವ ಬೀಜದ ವ್ಯಾಪಾರಿಯಿಂದ ಬೀಜ ಕೊಳ್ಳಿ. ಈ ಪರೀಕ್ಷೆಗೆ ಒಂದೇ ಬೀಜ ಸಾಕು. ಬಿತ್ತಿ ಏಳು ವರ್ಷ ಮುಂದಕ್ಕೆ ಬನ್ನಿ. ಬರಿ ನೆಲವಿದ್ದಲ್ಲಿ ಹತ್ತಿ ಹಾರಾಡಬಹುದಾದ ಗಿಡ ನಿಂತಿರುತ್ತದೆ.

ಸುತ್ತಿನ ವಾದ ಇಲ್ಲಿ ನೇರವಾಗಿ ಸೋಲುತ್ತದೆ. ಬೀಜ ಬಿತ್ತಿದ್ದು ಮೊದಲೇ ಆಗಿಹೋಗಿದ್ದರೆ ಆ ನೆಲ ಬರಿದಾಗಿ ಕಾಣಬಾರದಿತ್ತು. ತಿದ್ದುಪಡಿ ಪಾಸು. ಕವಲೂ ಪಾಸಾಗುತ್ತದೆ, ಆದರೆ ಪುಕ್ಕಟೆಯಾಗಿ: ಗಿಡವಿಲ್ಲದ ಆ ಹಳೆಯ ಲೋಕವನ್ನು ಮತ್ತೆ ನೋಡಲು ಗೇಮ್ ದಾರಿಯನ್ನೇ ಕೊಡುವುದಿಲ್ಲ. ಬಿಟ್ಟುಬಂದ ಕಡೆಯಿಂದ ಯಾರಾದರೂ ನೋಡುವ ತನಕ ಇವೆರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಈ ಮಾತು ಕೊನೆಗೆ ಬೇಕಾಗುತ್ತದೆ.

ಅದೇ ಗೇಮ್‌ನ ಸಾಂಗ್ ಆಫ್ ಸ್ಟಾರ್ಮ್ಸ್ ಎಂಬ ಹಾಡು ಪೂರ್ತಿ ಉಲ್ಟಾ. ಕಾಕರಿಕೊ ಎಂಬ ಹಳ್ಳಿಯ ಗಾಳಿಯಂತ್ರದೊಳಗಿನ ಗುರು-ಗುರು ಎಂಬ ವಾದ್ಯಗಾರ ದೊಡ್ಡ ಲಿಂಕ್‌ನ ಕೈಲಿರುವ ಒಕರಿನಾ ಎಂಬ ಊದುವ ವಾದ್ಯ ಕಂಡು ಕೆರಳುತ್ತಾನೆ: ಏಳು ವರ್ಷದ ಹಿಂದೆ ಇಂಥದ್ದೇ ಹಿಡಿದ ಹುಡುಗನೊಬ್ಬ ಹಾಡು ನುಡಿಸಿ ಯಂತ್ರ ಕೆಡಿಸಿಹೋದ. ಬೈಯುತ್ತಲೇ ಆ ಹಾಡನ್ನು ಕಲಿಸುತ್ತಾನೆ. ಲಿಂಕ್ ಹಿಂದಕ್ಕೆ ಹೋಗಿ ಅದನ್ನೇ ನುಡಿಸುತ್ತಾನೆ, ಬಾವಿ ಬತ್ತುತ್ತದೆ, ತಳದಲ್ಲಿ ಲೆನ್ಸ್ ಆಫ್ ಟ್ರೂತ್ ಎಂಬ ವಸ್ತು ಸಿಗುತ್ತದೆ. ಹಾಗಾದರೆ ಹಾಡು ಕಟ್ಟಿದವರು ಯಾರು? ನಮ್ಮ ಬೀಜಾಂಕುರ ನ್ಯಾಯ ಅಕ್ಷರಶಃ ಕಾಣುವುದು ಇಲ್ಲಿ. ತಮಾಷೆಯೆಂದರೆ, ನಿಜವಾದ ಬೀಜಕ್ಕೆ ಅದು ಅನ್ವಯಿಸುವುದಿಲ್ಲ. ಕ್ರಮ ತಪ್ಪಿಸಿ ನೋಡೋಣ ಅಂದರೆ ಬಾಗಿಲು ಮುಚ್ಚಿದೆ. ಸ್ವರಗಳು ಬಾಯಿಪಾಠವಿದ್ದು (ಎ, ಕೆಳಗೆ, ಮೇಲೆ, ಎರಡು ಸಲ) ಹುಡುಗನಾಗಿರುವಾಗಲೇ ಒತ್ತಿದರೂ, ಕಲಿಯದ ಹಾಡನ್ನು ಗೇಮ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮಜೋರಾಸ್ ಮಾಸ್ಕ್‌ನಲ್ಲಿ (2000) ಫ್ಲಾಟ್ ಎಂಬ ಸಂಗೀತಗಾರನ ಪ್ರೇತ ಇದೇ ಹಾಡು ಕಲಿಸುತ್ತದೆ, ಕರ್ತೃ ಸಿಕ್ಕ ಎನ್ನುವವರಿದ್ದಾರೆ. ಅದು ಟರ್ಮಿನಾ, ಬೇರೆಯೇ ಲೋಕ. ಅಲ್ಲಿಯ ಸಾಕ್ಷಿ ಒಕರಿನಾದ ಕಥೆ ನಡೆಯುವ ಹೈರೂಲ್‌ನಲ್ಲಿ ನಡೆಯುವುದಿಲ್ಲ. ಮಜೋರಾದ ಮೂರು ದಿನದ ಆವರ್ತನೆಯನ್ನೂ ಈ ಹೋಲಿಕೆಗೆ ತರದಿರುವುದೇ ವಾಸಿ. ಮೊದಲ ದಿನಕ್ಕೆ ಮರಳಿದರೆ ಕೈಲಿದ್ದ ರೂಪಿ (ಗೇಮ್‌ನ ಹಣ), ಬಾಣ, ಬಾಂಬ್ ಹೋಗುತ್ತವೆ, ಬ್ಯಾಂಕಿನಲ್ಲಿಟ್ಟದ್ದು ಮಾತ್ರ ಉಳಿಯುತ್ತದೆ. ಬ್ಯಾಂಕಿನವನು ಲೆಕ್ಕಕ್ಕಾಗಿ ಲಿಂಕ್‌ನ ಮೈಮೇಲೆ ಮುದ್ರೆ ಒತ್ತಿರುತ್ತಾನಂತೆ. ಮುದ್ರೆ ಉಳಿಯಿತು ಸರಿ, ತಿಜೋರಿಯೊಳಗೆ ಹಣ ಎಲ್ಲಿಂದ ಬಂತು?

ಸ್ಕೈವರ್ಡ್ ಸ್ವೋರ್ಡ್ (2011) ಮೂರೂ ಪಕ್ಷಗಳಿಗೆ ತಲೆನೋವು. ಹಿಂದಿನ ಕಾಲದಲ್ಲಿ ನೆಟ್ಟ ಜೀವವೃಕ್ಷದ ಸಸಿ, ಈಚೆಗೆ ಬಂದು ನೋಡಿದರೆ ಮರವಾಗಿರುತ್ತದೆ. ಮೊದಲು ಅಲ್ಲಿ ಮರವಿರಲಿಲ್ಲ, ಆದ್ದರಿಂದ ತಿದ್ದುಪಡಿ. ಆದರೆ ಆರಂಭದಿಂದಲೂ ದಾರಿ ತೋರಿಸುವ ಮುದುಕಿ ಬೇರಾರೂ ಅಲ್ಲ, ಹಿಂದಿನ ಕಾಲದಲ್ಲೇ ಉಳಿದುಕೊಂಡ ಜೆಲ್ಡಾಳ ರಕ್ಷಕಿ ಇಂಪಾ; ಅದು ಸುತ್ತು. ಇನ್ನು ಈ ಗೇಮ್‌ನ ಖಳ ಡಿಮೈಸ್. ವರ್ತಮಾನದಲ್ಲಿ ಟ್ರೈಫೋರ್ಸ್ ಎಂಬ ದೈವಶಕ್ತಿಯ ಬಲದಿಂದ ಅವನು ನಾಶವಾದ ಮೇಲೆ, ಅವನ ಬಂಟ ಘಿರಹಿಮ್ ಕಥಾನಾಯಕಿ ಜೆಲ್ಡಾಳನ್ನು ಹಿಂದಕ್ಕೆ ಎಳೆದೊಯ್ದು ಅಲ್ಲಿ ಅವನನ್ನು ಎಬ್ಬಿಸುತ್ತಾನೆ, ಲಿಂಕ್ ಅಲ್ಲೇ ಅವನನ್ನು ಕತ್ತಿಯೊಳಗೆ ಬಂಧಿಸುತ್ತಾನೆ. ಹಿಂದೆಯೇ ಕತ್ತಿಯೊಳಗೆ ಸೇರಿದವನು ಆಮೇಲೆ ಮಣ್ಣಿನಡಿಯಿಂದ ಎದ್ದುಬಂದದ್ದು ಹೇಗೆ? ಕವಲು ಎನ್ನೋಣವೆಂದರೆ ಲಿಂಕ್ ಮರಳುವುದು ಅದೇ ಮುದುಕಿಯಿರುವ ಅದೇ ಕಾಲಕ್ಕೆ. ಯಾವ ಪಕ್ಷದ ಉತ್ತರವೂ ಇಲ್ಲಿ ತೇಪೆ ಹಾಕಿದ್ದೇ.

ಸುತ್ತನ್ನು ಅತ್ಯಂತ ಬಿಗಿಯಾಗಿ ಹೆಣೆದಿರುವುದು ಟಿಯರ್ಸ್ ಆಫ್ ದಿ ಕಿಂಗ್‌ಡಮ್ (2023). ಜೆಲ್ಡಾ ಹಿಂದಕ್ಕೆ ಬೀಳುವ ಮೊದಲೇ, ಕೋಟೆಯಡಿಯ ಒಣ ಹೆಣದಂಥ ಖಳ ಗ್ಯಾನನ್‌ಡಾರ್ಫ್‌ಗೆ ಲಿಂಕ್ ಯಾರೆಂದು ಗೊತ್ತಿದೆ. ಅವನಿಗೆ ಅದನ್ನು ಹೇಳಿದವರು ಹಿಂದಿನ ಕಾಲದಲ್ಲಿದ್ದವರು, ಅವರಿಗೆ ಗೊತ್ತಾದದ್ದು ಹಿಂದಕ್ಕೆ ಬಿದ್ದ ಜೆಲ್ಡಾಳಿಂದ. ಒಂದೇ ತೂತು ಲೈಟ್ ಡ್ರ್ಯಾಗನ್. ಜೆಲ್ಡಾ ಯುಗಯುಗ ಡ್ರ್ಯಾಗನ್ ಆಗಿ ಆಕಾಶದಲ್ಲಿದ್ದರೆ ಇದೇ ಕಥೆಯ ಹಿಂದಿನ ಗೇಮ್ ಬ್ರೆತ್ ಆಫ್ ದಿ ವೈಲ್ಡ್‌ನಲ್ಲೂ (2017) ಕಾಣಬೇಕಿತ್ತು. ಅಲ್ಲಿರುವುದು ಡಿನ್‌ರಾಲ್, ನೈಡ್ರಾ, ಫರೋಶ್ ಎಂಬ ಮೂರೇ ಡ್ರ್ಯಾಗನ್. ಮೋಡದ ಮೇಲಿತ್ತು ಎಂಬ ಸಮಜಾಯಿಷಿಯನ್ನು ಒಪ್ಪಬಹುದು, ಆಡಿ ತೋರಿಸಲಾಗದು.

ಕವಲಿಗೆ ನಿಜವಾದ ಬಲ ಬರುವುದು ಒಕರಿನಾದ ಕೊನೆಯಲ್ಲಿ. ದೊಡ್ಡ ಜೆಲ್ಡಾ ಲಿಂಕ್‌ನನ್ನು ಬಾಲ್ಯಕ್ಕೆ ಕಳಿಸಿದ ಮೇಲೂ ಆ ಲೋಕ ನಿಲ್ಲುವುದಿಲ್ಲ: ಲಾನ್ ಲಾನ್ ರಾಂಚ್‌ನಲ್ಲಿ ಜನ ಹಬ್ಬ ಮಾಡುತ್ತಿರುತ್ತಾರೆ. ಬೀಜದ ಪರೀಕ್ಷೆಯಲ್ಲಿ ಸಿಗದಿದ್ದ ನೋಟ, ಬಿಟ್ಟುಹೋದ ಕಡೆಯಿಂದ ನೋಡುವುದು, ಇಲ್ಲಿ ಸಿಕ್ಕಿದೆ. ವೀರ ಮತ್ತೆ ಬರಲಿಲ್ಲ ಎಂದು ಶುರುವಾಗುವ ವಿಂಡ್ ವೇಕರ್ (2002) ಆ ದಾರಿಯದ್ದು. ಗ್ಯಾನನ್‌ಡಾರ್ಫ್‌ಗೆ ಮರಣದಂಡನೆ ವಿಧಿಸಲು ಹೊರಟ ಟ್ವೈಲೈಟ್ ಪ್ರಿನ್ಸೆಸ್ (2006) ಹುಡುಗ ಲಿಂಕ್ ಮರಳಿದ ದಾರಿಯದ್ದು. ಇದು ಕಟ್‌ಸೀನ್ ಸಾಕ್ಷಿಯೇ, ನಿಜ, ಆದರೆ ಎರಡು ದಾರಿಗಳಿಗೂ ಆಡಲು ಪೂರ್ತಿ ಗೇಮ್‌ಗಳಿವೆ.

ಹಾಗಾಗಿ ಒಕರಿನಾದ ಮಟ್ಟಿಗೆ ನನ್ನ ಅಂಕ ಕವಲಿಗೆ, ಸಾಂಗ್ ಆಫ್ ಸ್ಟಾರ್ಮ್ಸ್ ಒಂದನ್ನು ಹೊರಗಿಟ್ಟು. ಹೈರೂಲ್ ಹಿಸ್ಟೋರಿಯಾ ಎಂಬ ಅಧಿಕೃತ ಪುಸ್ತಕ (2011) ಸೇರಿಸಿದ ಮೂರನೆಯ ಕವಲಿಗೆ, ಲಿಂಕ್ ಸೋತರೆ ಎಂಬುದಕ್ಕೆ, ಅಂಕವಿಲ್ಲ. ಅಲ್ಲಿ ಯಾರೂ ಕಾಲ ದಾಟುವುದೇ ಇಲ್ಲ. ಗೇಮ್ ಓವರ್ ಆಗುವುದೆಲ್ಲ ಕವಲಾದರೆ ಕಷ್ಟಕ್ಕೆ ಹೆಸರಾದ ವಾಟರ್ ಟೆಂಪಲ್ ಒಂದರಿಂದಲೇ ಸಾವಿರ ಹೈರೂಲ್ ಹುಟ್ಟಿರಬೇಕು.