ಸ್ಯಾಪ್‌ನಲ್ಲಿ ಬೆಲೆ ಲೆಕ್ಕ ಬದಲಿಸಲು: ಕಾನ್ಫಿಗರೇಶನ್, ಫಾರ್ಮುಲಾ, ಮೂಲ ಕೋಡ್

ಸ್ಯಾಪ್ ಅಂದರೆ ಕಂಪನಿಗಳ ವ್ಯವಹಾರ ನೋಡಿಕೊಳ್ಳುವ ಸಾಫ್ಟ್‌ವೇರ್. ಅದರಲ್ಲಿ ಮಾರಾಟದ ಬೆಲೆ ಲೆಕ್ಕ ಬದಲಿಸಲು ಈ ಮೂರು ದಾರಿಗಳಿವೆ. ಗಿರಾಕಿಗೆ, ಸರಕಿಗೆ ತಕ್ಕ ರಿಯಾಯಿತಿ ಮಾತ್ರ ಬೇಕಾದರೆ ಕಾನ್ಫಿಗರೇಶನ್, ಅಂದರೆ ಸೆಟ್ಟಿಂಗ್ ಬದಲಿಸೋದು, ಸಾಕು. ಬೆಲೆ ಲೆಕ್ಕದ ಹಂತಗಳಿರುವ, ಸ್ಯಾಪ್‌ನದೇ ಆದ ಆರ್‌ವಿಎಎ01 ಪ್ರೊಸೀಜರನ್ನು ಕಾಪಿ ಮಾಡಿ, ಝಡ್‌ನಿಂದ ಶುರುವಾಗುವ ಹೆಸರು ಕೊಡಿ. ಮೂಲವನ್ನು ಮಾತ್ರ ಮುಟ್ಟಬೇಡಿ. ಕೋಡ್ ಬರೆಯೋದು ಬೇಡ, ಖರ್ಚೂ ಕಡಿಮೆ.

ಲೆಕ್ಕದ ರೀತಿಯೇ ಬೇರೆಯಾದರೆ? ಲಾಭ ಇಷ್ಟಕ್ಕಿಂತ ಇಳಿದರೆ ರಿಯಾಯಿತಿ ನಿಲ್ಲಬೇಕು ಅನ್ನೋಣ. ಆಗ ಫಾರ್ಮುಲಾ ಬೇಕು, ಅಂದರೆ ಸ್ಯಾಪ್‌ನ ವಿಒಎಫ್‌ಎಂ ಎಂಬ ಪರದೆಯಲ್ಲಿ ಬರೆಯುವ ಚಿಕ್ಕ ಕೋಡ್. ನಂಬರ್ 600ರಿಂದ 999ರೊಳಗೇ ಇರಲಿ, ಅದು ಬಳಸುವವರಿಗೆಂದೇ ಬಿಟ್ಟ ಜಾಗ. ಅದಕ್ಕಿಂತ ಕೆಳಗಿನ ನಂಬರಿನಲ್ಲಿ ಬರೆದರೆ ಅಪ್‌ಗ್ರೇಡ್‌ನಲ್ಲಿ ಅಳಿಸಿ ಹೋಗಬಹುದು. ಸ್ಯಾಪ್‌ನ ಪ್ರೋಗ್ರಾಮಿಂಗ್ ಭಾಷೆ ಎಬಿಎಪಿ ಬಲ್ಲವರು ಬೇಕು, ಟೆಸ್ಟಿಂಗೂ ಜಾಸ್ತಿ. ಪ್ರೊಡಕ್ಷನ್‌ಗೆ, ಅಂದರೆ ನಿಜವಾದ ಕೆಲಸ ನಡೆಯುವ ಸಿಸ್ಟಮ್‌ಗೆ, ಕಳಿಸಿದ ಮೇಲೆ ಫಾರ್ಮುಲಾಗಳನ್ನು ಅಲ್ಲಿ ಜೋಡಿಸುವ ಆರ್‌ವಿ80ಎಚ್‌ಜಿಇಎನ್ ಪ್ರೋಗ್ರಾಂ ಓಡಿಸಿ. ಇದನ್ನು ಮರೆಯುವವರು ತುಂಬಾ ಜನ.

ಸ್ಯಾಪ್ ಕೊಟ್ಟ ಮೂಲ ಕೋಡನ್ನೇ ತಿದ್ದಿದರೆ ಇವತ್ತಿನ ಕೆಲಸ ಬೇಗ ಮುಗಿಯುತ್ತದೆ. ಆದರೆ ಅಪ್‌ಗ್ರೇಡ್ ಬಂದಾಗ ತಿದ್ದಿದ ಕೋಡನ್ನು ಹೊಸದರ ಜೊತೆ ಹೋಲಿಸುವ ಎಸ್‌ಪಿಎಯು ಎಂಬ ಪರದೆಯಲ್ಲಿ ಕೂತು ಬದಲಾವಣೆಗಳನ್ನು ಮತ್ತೆ ಹೊಂದಿಸಬೇಕು. ಬೇರೆ ದಾರಿಯೇ ಇಲ್ಲದಾಗ ಮಾತ್ರ ಇದು.