ಕ್ಲಚ್ ಪ್ಲೇಟ್ ಹೋಗಿದೆ ಎಂದರೆ ನಂಬುವ ಮುನ್ನ ಪೆಡಲ್ ಕೆಳಗೆ ಬಗ್ಗಿ ನೋಡಿ

ಮ್ಯಾನುಯಲ್ ಗೇರಿನ ಕಾರು ಓಡಿಸುವವರು ದಯವಿಟ್ಟು ಪೂರ್ತಿ ಓದಿ. ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ನನಗಾದದ್ದು ಇನ್ನೊಬ್ಬರಿಗೆ ಆಗಬಾರದು.

ಒಂದು ತಿಂಗಳಿಂದ ಕೀಲಿ ತಿರುಗಿಸಿದರೆ ನನ್ನ ಕಾರು ಒಮ್ಮೊಮ್ಮೆ ಉಸಿರೇ ಎತ್ತುತ್ತಿರಲಿಲ್ಲ. ದೀಪಗಳು ಚೆನ್ನಾಗಿಯೇ ಉರಿಯುತ್ತಿದ್ದವು, ಹಾರ್ನ್ ಜೋರಾಗಿಯೇ ಇತ್ತು. ಕ್ಲಚ್ಚನ್ನು ನಾಲ್ಕೈದು ಸಲ ತುಳಿದು ಮತ್ತೆ ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿತ್ತು. ಒಂದು ಬೆಳಿಗ್ಗೆ ಅದೂ ಆಗಲಿಲ್ಲ. ತಳ್ಳಿಸಿ ಸ್ಟಾರ್ಟ್ ಮಾಡಿ ಗ್ಯಾರೇಜಿಗೆ ಒಯ್ದೆ. ದಾರಿಯುದ್ದಕ್ಕೂ ಗೇರುಗಳು ಸಲೀಸಾಗಿ ಬಿದ್ದವು. ಎಂಜಿನ್ ಸುಮ್ಮನೆ ಕೂಗಿ ವೇಗ ಏರದೆ ಉಳಿದದ್ದು ಒಂದು ಸಲವೂ ಇಲ್ಲ. ಕ್ಲಚ್ ಪ್ಲೇಟ್ ಸವೆದಿದ್ದರೆ ಹೀಗಿರುತ್ತದೆಯೇ? ಆಗ ನನಗೆ ಇದು ಹೊಳೆಯಲಿಲ್ಲ.

ಮೆಕ್ಯಾನಿಕ್ ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಸ್ಕ್ಯಾನರ್ ಜೋಡಿಸಿ ಒಂದು ಹಾಳೆ ಮುದ್ರಿಸಿಕೊಂಡು ಬಂದ. ಪಿ0704 ಎಂಬ ದೋಷದ ಕೋಡ್. ಆ ಸಾಲಿನ ಮೇಲೆ ಗ್ರೀಸ್ ಮೆತ್ತಿದ ಹೆಬ್ಬೆರಳು ಇಟ್ಟು, ‘ನೋಡಿ ಸರ್, ಕ್ಲಚ್ ಎಂದು ಮೆಷಿನ್ನೇ ಹೇಳುತ್ತಿದೆ’ ಎಂದ. ನೋಡಿದೆ. ಕ್ಲಚ್ ಎಂಬ ಪದ ಇತ್ತು. ತಲೆಯಾಡಿಸಿದೆ. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಎಲ್ಲವನ್ನೂ ಹೊಸದಾಗಿ ಹಾಕಿದರು. ಎರಡು ದಿನದ ಕೆಲಸ.

ಮೂರನೆಯ ದಿನ ಕೀಲಿ ತಿರುಗಿಸಿದೆ. ಮತ್ತೆ ಅದೇ ಮೌನ.

ಫೋನ್ ಮಾಡಿದರೆ, ‘ಹಾಗಾದರೆ ಸ್ಟಾರ್ಟರ್ ಮೋಟಾರ್ ಇರಬೇಕು, ತನ್ನಿ’ ಎಂದ. ಇರಬೇಕು! ಇಡೀ ಕ್ಲಚ್ ಬದಲಿಸಿದ ಮೇಲೆ ‘ಇರಬೇಕು’ ಎನ್ನುತ್ತಾನೆ.

ಅಲ್ಲಿಗೆ ಹೋಗಲಿಲ್ಲ. ಇನ್ನೊಬ್ಬ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿದೆ. ಅವರು ಬಾನೆಟ್ ತೆರೆಯಲೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ಗೆ ತಂದು, ಟಾರ್ಚ್ ಹಿಡಿದು ಪೆಡಲ್ ಕೆಳಗೆ ತಲೆ ಹಾಕಿದರು. ಅಲ್ಲಿದ್ದ ಸಣ್ಣ ಸ್ವಿಚ್ಚಿನ ತುದಿಯನ್ನು ಬೆರಳಿನಿಂದ ಒತ್ತಿಕೊಂಡು, ‘ಈಗ ಕೀಲಿ ತಿರುಗಿಸಿ’ ಎಂದರು. ಎಂಜಿನ್ ಸ್ಟಾರ್ಟ್ ಆಯಿತು.

ಪೆಡಲನ್ನು ಪೂರ್ತಿ ತುಳಿದಾಗ ಈ ಸ್ವಿಚ್ ಒತ್ತಿಕೊಳ್ಳಬೇಕು. ಆಗ ಮಾತ್ರ ಸ್ಟಾರ್ಟರ್ ತಿರುಗುತ್ತದೆ. ಪೆಡಲಿನ ತೋಳಿನಲ್ಲಿರುವ ತೂತಿಗೆ ಕೂಡಿಸಿದ ಪ್ಲಾಸ್ಟಿಕ್ ಬಿಲ್ಲೆಯೊಂದು ಅದನ್ನು ಒತ್ತುತ್ತದೆ. ನನ್ನ ಕಾರಿನಲ್ಲಿ ಅದು ಹಳತಾಗಿ ಪುಡಿಯಾಗಿತ್ತು, ಸ್ವಿಚ್ಚಿನ ತುದಿ ಆ ತೂತಿನೊಳಗೇ ನುಗ್ಗುತ್ತಿತ್ತು. ಮ್ಯಾಟಿನ ಅಂಚಿನಿಂದ ಅವರು ಕಂದು ಚೂರೊಂದನ್ನು ಹೆಕ್ಕಿ ನನ್ನ ಅಂಗೈಗೆ ಹಾಕಿದರು. ಅಂಥವೇ ಚೂರುಗಳನ್ನು ಹಿಂದಿನ ವಾರ ನಾನೇ ಕಸವೆಂದು ಗುಡಿಸಿ ಎಸೆದಿದ್ದೆ.

ಹಳೆಯ ಹಾಳೆಯನ್ನು ಆಗ ಮತ್ತೆ ತೆಗೆದು ನೋಡಿದೆ. ಆ ಸಾಲಿನಲ್ಲಿದ್ದದ್ದು ಬರೀ ಕ್ಲಚ್ ಅಲ್ಲ, ಕ್ಲಚ್ ಸ್ವಿಚ್. ಪಿ0704 ಹೇಳುವುದು ಸ್ವಿಚ್ಚಿನಿಂದ ಬರಬೇಕಾದ ಸಂಕೇತ ಸರಿಯಿಲ್ಲ ಎಂದು. ಪ್ಲೇಟಿನ ಸುದ್ದಿಯೇ ಅದರಲ್ಲಿಲ್ಲ. ‘ಸ್ವಿಚ್’ ಎಂಬ ಪದದ ಮೇಲೆ ಆ ಹೆಬ್ಬೆರಳಿನ ಗ್ರೀಸ್ ಗುರುತು ಇನ್ನೂ ಇತ್ತು. ಅದನ್ನು ನೋಡಿ ಮೈ ಉರಿದುಹೋಯಿತು.

ಗ್ಯಾರೇಜಿಗೆ ಹೋಗಿ ಕೇಳಿದೆ. ‘ನಿಮ್ಮ ಕ್ಲಚ್ ಹೇಗಿದ್ದರೂ ಹಳೆಯದು, ಮುಂದೆ ಹಾಕಿಸಲೇಬೇಕಿತ್ತು’ ಎಂದ. ಹಾಗಾದರೆ ಹಳೆಯ ಪ್ಲೇಟ್ ತೋರಿಸು ಎಂದೆ. ‘ಗುಜರಿಗೆ ಹೋಯಿತು.’ ಸ್ವಿಚ್ ಯಾಕೆ ನೋಡಲಿಲ್ಲ? ‘ನೀವು ಹೇಳಲಿಲ್ಲವಲ್ಲ ಸರ್.’ ನಾನು ಹೇಳಬೇಕಿತ್ತಂತೆ!

ನಿಮ್ಮ ಕಾರಿನಲ್ಲೂ ಹೀಗಾದರೆ ಸ್ಕ್ಯಾನರಿನಲ್ಲಿ ಆ ಕ್ಷಣದ ಸ್ಥಿತಿ ತೋರಿಸುವ ಲೈವ್ ಡೇಟಾ ತೆರೆಸಿ, ಪೆಡಲ್ ತುಳಿದಾಗ ಸ್ವಿಚ್ಚಿನ ಸ್ಥಿತಿ ಬದಲಾಗುತ್ತದೆಯೇ ಎಂದು ನಿಮ್ಮ ಕಣ್ಣಿನಿಂದಲೇ ನೋಡಿ. ಬದಲಾಗದಿದ್ದರೆ ಬಿಲ್ಲೆ, ಕನೆಕ್ಟರ್, ವೈರ್, ಫ್ಯೂಸ್ ನೋಡಿಸಿ. ಸ್ವಿಚ್ಚನ್ನು ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ಅದು ಸತ್ತಿದೆಯೋ ಇಲ್ಲವೋ ನಿಮಿಷದಲ್ಲಿ ತಿಳಿಯುತ್ತದೆ. ಸ್ವಿಚ್ಚಿನ ಎರಡು ವೈರುಗಳನ್ನು ಸುತ್ತಿ ಕೂಡಿಸಿಬಿಡುತ್ತೇನೆ ಎನ್ನುವವರಿಗೆ ಒಪ್ಪಬೇಡಿ. ಆಗ ಕ್ಲಚ್ ತುಳಿಯದಿದ್ದರೂ ಸ್ಟಾರ್ಟರ್ ತಿರುಗಿ, ಗೇರಿನಲ್ಲಿರುವ ಕಾರು ಕೀಲಿ ತಿರುಗಿಸಿದೊಡನೆ ಮುಂದಕ್ಕೆ ನೆಗೆಯುತ್ತದೆ, ಎದುರಿಗೆ ಮಗುವಿದ್ದರೆ ಏನು ಗತಿ? ಬಿಚ್ಚಿದ ಭಾಗಗಳನ್ನೆಲ್ಲ ನನಗೇ ಕೊಡಬೇಕು ಎಂದು ಕೆಲಸಕ್ಕೆ ಮೊದಲೇ ಬರೆಸಿಕೊಳ್ಳಿ.

ನನಗೆ ಬೇಕಿದ್ದದ್ದು ಆ ಒಂದು ಬಿಲ್ಲೆ. ಹೊಸದನ್ನು ಕೂಡಿಸಲು ಅವರಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಅಂದಿನಿಂದ ಕಾರು ಒಂದು ದಿನವೂ ಕೈಕೊಟ್ಟಿಲ್ಲ. ಮೊದಲಿನವನು ಮಾತ್ರ ನನ್ನ ಫೋನ್ ಎತ್ತುತ್ತಿಲ್ಲ.